ಕೊಂಬುಬೆಳ್ಳಿಯ ಮೇಲಿನ ಜೋಡಿ ಗೆರೆ

ಸದಾ ಗಾಜು ಒರೆಸುತ್ತಲೇ ಇರುತ್ತಿದ್ದುದರಿಂದ ಎಲ್ಲರೂ ಅವಳನ್ನು ಗಾಜಕ್ಕ ಎನ್ನುತ್ತಿದ್ದರು. ಬೆಳ್ಳಿ ಗಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದರ ಆಫೀಸಿನಲ್ಲಿ ಉಳಿದದ್ದು ಅದಿರುಕಲ್ಲುಗಳ ಒಂದು ಗಾಜಿನ ಬೀರು, ಅದರ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಇವಳು. ಆ ಕಲ್ಲುಗಳನ್ನೆಲ್ಲ ಆರಿಸಿ ತಂದವನು ಅವಳ ಅಪ್ಪ. ಹೆಬ್ಬೆರಳ ಉಗುರು ಒತ್ತಿಯೇ ಹೆಸರು ಹೇಳುತ್ತಿದ್ದ: ಮೇಣದ ಹಾಗೆ ಗುರುತು ಬಿದ್ದರೆ ಕೊಂಬುಬೆಳ್ಳಿ, ಪುಡಿ ಉದುರಿದರೆ ಪೆಡಸುಬೆಳ್ಳಿ, ಒಳಗೆ ರಕ್ತದ ಬಣ್ಣ ಕಂಡರೆ ಕೆಂಬೆಳ್ಳಿ. ಸುತ್ತಿಗೆ ಏಟಿಗೆ ಸೀಳಿದ್ದ ಉಗುರು ಅದು. ಒತ್ತಿದಲ್ಲೆಲ್ಲ ಜೋಡಿ ಗೆರೆ ಮೂಡುತ್ತಿತ್ತು. ಒಮ್ಮೆ ಸುರಂಗ ಕುಸಿದು ಅವನು ಒಳಗೇ ಉಳಿದ. ಹೆಣವೂ ಸಿಗಲಿಲ್ಲ.

ಬೀರುವಿಗೆ ಬಣ್ಣ ಹೊಡೆಸಿದಾಗ ಕಲ್ಲುಗಳು ಅದಲು ಬದಲಾದವು, ಹೆಸರಿನ ಚೀಟಿಗಳೂ ಕಿತ್ತುಹೋದವು. ಆಮೇಲೊಂದು ಬೆಳಿಗ್ಗೆ ಬೀಗ ತೆಗೆದ ಗಾಜಕ್ಕನ ಕೈ ಅಲ್ಲೇ ನಿಂತಿತು. ಕೊಂಬುಬೆಳ್ಳಿಯ ಮೇಲೆ ಜೋಡಿ ಗೆರೆ. ಹಳೆಯದಿರಬೇಕು ಎಂದುಕೊಳ್ಳುವಂತೆಯೂ ಇರಲಿಲ್ಲ. ಆ ಕಲ್ಲಿನ ಗೀರು ಮೊದಲು ಬಿಳಿ ಇರುತ್ತದೆ, ಬೆಳಕು ತಾಗುತ್ತ ತಾಗುತ್ತ ಕಪ್ಪಾಗುತ್ತದೆ. ಇದು ಸುಲಿದ ಬಾದಾಮಿಯ ಹಾಗಿತ್ತು. ಪಕ್ಕದ ಕಲ್ಲಿನ ಬುಡದಲ್ಲಿ ಚಿಟಿಕೆ ಕಪ್ಪು ಪುಡಿ.

ಅವಳು ಚಿಕ್ಕಪ್ಪನನ್ನು ಕರೆತಂದಳು. ಅವನೂ ಹಳೆಯ ಗಣಿಯಾಳೇ. ಇಲಿಗೂ ಬೆಳ್ಳಿ ಹುಚ್ಚು ಹಿಡಿದಿದೆಯೇನೋ ಎಂದು ದಾರಿಯುದ್ದಕ್ಕೂ ನಗಾಡಿಕೊಂಡೇ ಬಂದವನು, ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಗೆರೆಗಳ ಮೇಲೆ ಬೆರಳಾಡಿಸಿದ.

"ಅಣ್ಣಂದೇ ಉಗುರು," ಎಂದ. "ನೀನು ಜಾಗ ಬದಲಿಸಿದ್ದೀಯ. ಯಾವುದು ಯಾವುದು ಅಂತ ಹುಡುಕ್ತಿದ್ದಾನೆ. ಹೇಳಿಬಿಡು ಮಗಾ."

ಅವನು ಹೋದ ಮೇಲೆ ಗಾಜಕ್ಕ ಒಂದೊಂದೇ ಕಲ್ಲು ಮುಟ್ಟಿ, ಕುರುಡರಿಗೆ ದಾರಿ ಹೇಳುವಂತೆ, ಹೆಸರು ಹೇಳುತ್ತ ಹೋದಳು. ಒಂದು ಕರಿಗಲ್ಲಿನ ವಿಷಯದಲ್ಲಿ ಅನುಮಾನವಾಯಿತು. ಪೆಡಸುಬೆಳ್ಳಿ ಎಂದುಬಿಟ್ಟಳು.

ಮರುದಿನ ಉಳಿದ ಯಾವ ಕಲ್ಲಿಗೂ ಏನೂ ಆಗಿರಲಿಲ್ಲ. ಆ ಕರಿಗಲ್ಲಿನ ಮೇಲೆ ಮಾತ್ರ, ಮೇಣದಲ್ಲಿ ಒತ್ತಿದಷ್ಟು ಸ್ಪಷ್ಟವಾಗಿ, ಜೋಡಿ ಗೆರೆ.

"ತಪ್ಪಾಯ್ತಪ್ಪ. ಇದೂ ಕೊಂಬುಬೆಳ್ಳಿನೇ."

ಅಲ್ಲಿಗೆ ಗೆರೆಗಳು ನಿಂತವು. ಅವಳಿಗೆ ನೆಮ್ಮದಿಯಾಗಬೇಕಿತ್ತು. ಬದಲಿಗೆ ದಿನಾ ಬೀಗ ತೆಗೆಯುವಾಗ ಎದೆ ಒಂದು ಆಸೆಗೆ ಹೊಡೆದುಕೊಳ್ಳುತ್ತಿತ್ತು, ತೆಗೆದ ಮೇಲೆ ಕೂತುಬಿಡುತ್ತಿತ್ತು. ಕಡೆಗೊಂದು ಮಧ್ಯಾಹ್ನ ತಡೆಯಲಾರದೆ ಕೆಂಬೆಳ್ಳಿಯ ಮೇಲೆ ಬೆರಳಿಟ್ಟು, "ಅಪ್ಪಾ, ಇದು ಪೆಡಸುಬೆಳ್ಳಿ," ಎಂದು ಬೇಕೆಂದೇ ಸುಳ್ಳು ಹೇಳಿದಳು. ಬೀಗ ಹಾಕದೆ ಸ್ಟೂಲು ಎಳೆದುಕೊಂಡು ಎದುರಿಗೇ ಕೂತಳು.

ಸ್ವಲ್ಪ ಹೊತ್ತಿಗೆ ಆ ಕಲ್ಲು ಇದ್ದಲ್ಲೇ ಒಂದಿಷ್ಟು ಹೊರಳಿತು, ಯಾರೋ ಹೆಬ್ಬೆರಳಿಡಲು ತಿರುಗಿಸಿಕೊಂಡ ಹಾಗೆ. ಅವಳು ಎದ್ದು ಓಡಲಿಲ್ಲ.