ಮೇಸ್ತ್ರಿಯ ಪರೀಕ್ಷೆ

ಕಟ್ಟಡದ ಕೆಲಸಕ್ಕೆ ಹೊಸದಾಗಿ ಬಂದವರ ಕಾಗದಪತ್ರ ನೋಡಿ, ಈ ದೇಶದಲ್ಲಿ ದುಡಿಯುವ ಹಕ್ಕು ಅವರಿಗಿದೆಯೇ ಎಂದು ಹೇಳುವುದು ಆಫೀಸಕ್ಕನ ಕೆಲಸ. ಅದಕ್ಕೆ ತಗಡಿನ ಶೆಡ್ಡು, ಮೇಜು, ಕಂಪ್ಯೂಟರು, ಒಂದು ಮೊಹರು ಇದ್ದರೆ ಸಾಕೆಂದು ಸರ್ಕಾರ ತಿಳಿದಿತ್ತು. ಸಾಲದೆಂದು ತಿಳಿದವನು ಮೇಸ್ತ್ರಿ.

"ಕಾಗದ ಯಾರು ಬೇಕಾದ್ರೂ ಮಾಡಿಸ್ಕೊಂಡು ಬರ್ತಾರೆ ಅಕ್ಕಾ. ನೋವು ಮಾತ್ರ ಸುಳ್ಳು ಹೇಳಲ್ಲ," ಎಂಬುದು ಅವನ ಸಿದ್ಧಾಂತ. ಹೊಸಬ ಶೆಡ್ಡಿನಿಂದ ಹೊರಬರುವಾಗ ಕೈಜಾರಿದವನಂತೆ ಅವನ ಕಾಲ ಬಳಿ ಕಬ್ಬಿಣದ ಕಂಬಿಯ ತುಂಡೊಂದನ್ನು ಬೀಳಿಸುವುದು ಅವನ ಪರೀಕ್ಷೆ. ಬೆಚ್ಚಿದವನು ಯಾವ ಭಾಷೆಯಲ್ಲಿ ಕೂಗಿದನೋ ಅದೇ ಅವನ ಊರು. ಗಡಿಯಾಚೆಯ ಮಾತು ಬಂತೋ, ಗೇಟಿನಾಚೆಗೆ. ಈ ವಿದ್ಯೆಯ ಬಗ್ಗೆ ಅವನಿಗಿದ್ದ ಹೆಮ್ಮೆ ತಾನು ಕಟ್ಟಿಸಿದ ಕಟ್ಟಡಗಳ ಬಗ್ಗೆ ಇರಲಿಲ್ಲ; ಆ ಕಟ್ಟಡಗಳನ್ನು ನೋಡಿದವರಿಗೆ ಇದು ಆಶ್ಚರ್ಯವೇನಲ್ಲ. ಅಕ್ಕ ಇದನ್ನೆಲ್ಲ ಬರೀ ಜಂಬವೆಂದುಕೊಂಡಿದ್ದಳು.

ಆ ಬೆಳಿಗ್ಗೆ ಬಂದವನು ಕಾಂಕ್ರೀಟು ಸುರಿಯಲು ಸೆಂಟ್ರಿಂಗ್ ಹಲಗೆ ಹೊಡೆಯುವ ಬಡಗಿ. ಕೆಲಸವಿಲ್ಲದೆ ಅಲೆದು ಅವನ ಕೆನ್ನೆ ಗುಳಿಬಿದ್ದಿತ್ತು. ಗುರುತಿನ ಚೀಟಿ, ಕೆಲಸದ ಪರವಾನಗಿ ಎರಡೂ ಸರಿಯಾಗಿದ್ದವು, ಕಂಪ್ಯೂಟರೂ ಹೂಂಗುಟ್ಟಿತು. ಅಕ್ಕ ಮೊಹರು ಒತ್ತಿ, ಹೆಲ್ಮೆಟ್ ಕೈಗಿತ್ತು, "ಇನ್ನು ನೀನು ನಮ್ಮವನು ಕಣಪ್ಪಾ," ಎಂದಳು.

ಅವನು ಹೊಸಿಲು ದಾಟಿದ್ದೇ ತಡ, ಠಣ್ಣೆಂದಿತು. ಈ ಸಲ ಮೇಸ್ತ್ರಿಯ ಕೈ ನಿಜಕ್ಕೂ ಜಾರಿತ್ತು. ಹೆಬ್ಬೆರಳಿನ ಗಾತ್ರದ ಕಂಬಿ ನೇರ ಪಾದದ ಮೇಲೆ. ಬಡಗಿ ಕುಸಿದು ಕೂತ. ಚಪ್ಪಲಿಯಲ್ಲಿ ರಕ್ತ ತುಂಬಿತು. ಬಾಯಿ ಮಾತ್ರ ಬಿಡಲಿಲ್ಲ.

"ನೋಡಿದ್ರಾ ಅಕ್ಕಾ? ತುಟಿ ಪಿಟಕ್ಕೆನ್ನಲಿಲ್ಲ! ಏನೋ ಮುಚ್ಚಿಡ್ತಿದಾನೆ."

ಕೂಗಿದರೆ ಹೊರಗಿನವನು, ಕೂಗದಿದ್ದರೆ ಕಳ್ಳ. ಅಕ್ಕನ ಮೈಯೆಲ್ಲ ಉರಿದುಹೋಯಿತು. ಬಡಗಿಯ ಭುಜ ಹಿಡಿದು, "ಕೂಗಬಾರದೇನೋ ತಮ್ಮಾ?" ಎಂದಳು.

"ಏನು ಬಿದ್ರೂ ಬಾಯಿ ಬಿಡ್ಬೇಡ ಅಂತ ಕೆಲಸದವರು ಗೇಟಲ್ಲೇ ಹೇಳಿದ್ರು ಅಕ್ಕಾ," ಎಂದು ಹಲ್ಲು ಕಚ್ಚಿಕೊಂಡೇ ಹೇಳಿದ. "ಕೆಲಸ ಇದೆ ತಾನೆ?"

ಮೇಸ್ತ್ರಿ ಅಕ್ಕನ ಕಿವಿಯ ಹತ್ತಿರ ಬಂದ. "ಆ ಕಾಗದ ಹರಿದ್ಹಾಕಿ. ಇವನಿನ್ನೂ ಸೇರಿಲ್ಲ ಅಂತಾಗ್ಲಿ. ಸೇರಿದವನ ಕಾಲು ಮುರಿದ್ರೆ ಆಸ್ಪತ್ರೆ, ರಜೆ, ಎಲ್ಲಾ ಧಣಿ ತಲೆ ಮೇಲೆ. ಆಮೇಲೆ ನಮ್ಮಿಬ್ಬರ ತಲೆ ಮೇಲೆ."

"ಸೇರಿದಾನೆ. ಮೊಹರು ನಾನು ಒತ್ತಿದ್ದು, ಕಂಬಿ ನೀನು ಬೀಳ್ಸಿದ್ದು." ಇಷ್ಟು ವರ್ಷ 'ಬನ್ನಿ, ಹೋಗಿ' ಎನ್ನುತ್ತಿದ್ದವಳ ಬಾಯಲ್ಲಿ ಮರ್ಯಾದೆ ಮುಗಿದಿತ್ತು. "ಪರವಾನಗಿ ಇರೋನು ಯಾವ ಭಾಷೆಲಿ ಅತ್ರೆ ನಿನಗೇನಯ್ಯಾ? ಆಸ್ಪತ್ರೆಗೆ ನಿನ್ನ ಜೀಪು ತೆಗಿ."

"ಹೊಸ ಸೀಟು ಅಕ್ಕಾ, ಕಲೆ ಆಗುತ್ತೆ. ಹಿಂದೆ ಸಿಮೆಂಟ್ ಚೀಲದ ಮೇಲೆ ಕೂರಿಸೋಣ."

ಅಕ್ಕ ಜೀಪಿನ ಮುಂದಿನ ಬಾಗಿಲು ತೆರೆದು ಬಡಗಿಯನ್ನು ಕೂರಿಸಿದಳು. "ಕಾಲು ನೀಡ್ಕೊಂಡು ಕೂತ್ಕೋ. ಕೆಲಸ ನಿಂದೇ, ಎಲ್ಲೂ ಹೋಗಲ್ಲ." ತಾನು ಹಿಂದೆ ಹತ್ತಿ, ಮೊಹರು ಒತ್ತಿದ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಚೀಲದ ಮೇಲೆ ಕೂತಳು.

"ಹೇಗಾಯ್ತು ಅಂತ ಡಾಕ್ಟರು ಕೇಳ್ತಾರೆ," ಎಂದಳು ಮೇಸ್ತ್ರಿಯ ಬೆನ್ನಿಗೆ. "ನೀನೇ ಹೇಳ್ಬೇಕು. ದಾರಿಲಿ ಯೋಚನೆ ಮಾಡ್ಕೋ."

ಮೇಸ್ತ್ರಿ ತುಟಿ ಬಿಚ್ಚದೆ ಗೇರು ಹಾಕಿದ.