ಗೋಡೆಯ ಮೇಲಿದ್ದ ರೇಣುಕಾ

ಗಂಗಾವತಿಯ ಹಳೇ ಅಕ್ಕಿ ಗೋದಾಮಿನಲ್ಲಿ ಒಂದು ಟ್ರಸ್ಟಿನವರು ಸಣ್ಣ ಮ್ಯೂಸಿಯಂ ಮಾಡಿದ್ದರು. ಒಳಗೆ ಕೂರಿಗೆ, ತೊಟ್ಟಿಲು, ಒಡೆದ ವೀರಗಲ್ಲು. ಬಾಗಿಲ ಪಕ್ಕದಲ್ಲಿ ಮುಬಾಶಿರಾ ನೋಡಿಕೊಳ್ಳುವ ಅಂಗಡಿ. ಕಿನ್ನಾಳ ಗೊಂಬೆಗಳ ಜೊತೆಗೆ ಅಲ್ಲಿ ಒಂದು ಕಪಾಟಿನ ತುಂಬ ಪರದೇಶದ ಸರಕಿತ್ತು. ಸಾಣಾಪುರದ ಬಂಡೆ ಹತ್ತಲು ಬಂದಿದ್ದ ಮಾರಿಸೋಲ್ ಎಂಬಾಕೆ ತನ್ನೂರಿಗೆ ಹೋದ ಮೇಲೆ ಕಳಿಸಿದ್ದು. ಅವಳ ಹಿರಿಯರು ಮೆಕ್ಸಿಕೋದಿಂದ ಅಮೆರಿಕಕ್ಕೆ ಹೋಗಿ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡಿದವರಂತೆ. ಚಿಕಾನೋ ಎಂದು ತಮ್ಮನ್ನು ಕರೆದುಕೊಳ್ಳುವ ಆ ಜನ ಊರ ಗೋಡೆಗಳ ಮೇಲೆ ಬರೆದ ಚಿತ್ರಗಳ ದಪ್ಪ ಪುಸ್ತಕಗಳು, ಹೂ ಮುಡಿದ ತಲೆಬುರುಡೆಯ ಕೀಲಿಗೊಂಚಲು, ಕೈಚೀಲ ಎಲ್ಲ ಅದರಲ್ಲಿದ್ದವು. ವಿದೇಶಿಯರು ಆಗೊಂದು ಈಗೊಂದು ಒಯ್ಯುತ್ತಿದ್ದರು. ಊರವರು ಬುರುಡೆ ಕಂಡು ದೂರ ಸರಿಯುತ್ತಿದ್ದರು. ಸತ್ತವರ ತಲೆಯನ್ನು ಮನೆಗೆ ಯಾರು ಒಯ್ಯುತ್ತಾರೆ?

ಮ್ಯೂಸಿಯಮ್ಮಿನ ಕಸ ಹೊಡೆಯುವ ಹಂಪವ್ವ ಮಾತ್ರ ಸರಿಯಲಿಲ್ಲ. ಕಾರಟಗಿ ಕಡೆಯ ಹಳ್ಳಿಯವಳು. ಹಿಂದೆ ಮಗಳು ರೇಣುಕಾಳ ಜೊತೆ ಗದ್ದೆ ನಾಟಿಯ ಕೂಲಿಗೆ, ನೆಲ್ಲು ಹಚ್ಚಲು ಹೋಗುತ್ತಿದ್ದಳು. ಒಂದು ಮುಂಜಾನೆ, ಕುರಿ ತುಂಬಿದಂತೆ ಹೆಂಗಸರನ್ನು ತುಂಬಿಕೊಂಡು ಹೊರಟಿದ್ದ ಟಂಟಂ ಆಟೋ ಕಾಲುವೆಗೆ ಉರುಳಿತು. ಹಂಪವ್ವನ ಕಾಲು ಮುರಿಯಿತು. ರೇಣುಕಾ ನೀರಿನಿಂದ ಮೇಲೆ ಬರಲಿಲ್ಲ. ತಪ್ಪೆಲ್ಲ ಚಾಲಕನ ನಿದ್ದೆಗಣ್ಣಿನ ಮೇಲೆ ಬಿದ್ದು, ಮಾಲೀಕನ ಹೆಸರೇ ಬರದೆ ಕೇಸು ಮುಗಿಯಿತು. ಆಧಾರ್ ಕಾರ್ಡಿನ ಮಸುಕು ಮುಖ ಬಿಟ್ಟರೆ ಹುಡುಗಿಯ ಇನ್ನೊಂದು ಪಟವೂ ಮನೆಯಲ್ಲಿರಲಿಲ್ಲ.

ಒಂದು ದಿನ ಹಂಪವ್ವ ಕಸಬರಿಗೆ ಹಿಡಿದುಕೊಂಡೇ ತೆರೆದ ಪುಸ್ತಕದ ಮುಂದೆ ನಿಂತಳು. ಹೊಲದಲ್ಲಿ ಸಾಲಾಗಿ ಬಗ್ಗಿದ ಹೆಂಗಸರು, ಅವರ ಹಿಂದೆ ಹೂವು, ದೀಪ, ಸತ್ತವರ ಪಟಗಳು. ವರ್ಷಕ್ಕೊಮ್ಮೆ ಅವರು ಸತ್ತವರನ್ನು ಮನೆಗೆ ಕರೆದು ಉಣ್ಣಿಸುತ್ತಾರೆ ಎಂದು ಮುಬಾಶಿರಾ ಹೇಳಿದಳು. ನಾವು ಮಹಾಲಯ ಅಮಾಸಿಗೆ ಹಿರೇರಿಗೆ ಎಡಿ ಹಿಡಿದಂಗ ಅನ್ನು ಎಂದ ಹಂಪವ್ವ ಚಿತ್ರದ ಮೇಲೆ ಬೆರಳಿಟ್ಟಳು.

"ಇವರ್ನ ಗ್ವಾಡಿ ಮ್ಯಾಲ ಬರದೋರು ಯಾರ ಯವ್ವಾ?"

"ಅವರ ಮಕ್ಕಳು, ಹಂಪಕ್ಕ."

ಹಂಪವ್ವ ಕಸಬರಿಗೆಯನ್ನು ಕಪಾಟಿಗೆ ಆನಿಸಿದಳು. "ನನ್ನ ಮಗಳ ಸತ್ತಾಳ. ಅಕಿನ್ನ ನಾನ ಬರೀಬೇಕಾತು."

ಹಬ್ಬಕ್ಕೆ ಮನೆಗೋಡೆಗೆ ಸುಣ್ಣ ಬಳಿದು ಕೆಮ್ಮಣ್ಣಿನಲ್ಲಿ ಬಳ್ಳಿ, ಗಿಣಿ ಬರೆದ ಕೈ ಅದು. ಮುಬಾಶಿರಾ ಮ್ಯಾನೇಜರ್ ಗವಿಸಿದ್ದೇಶನನ್ನು ಒಪ್ಪಿಸಿ ಹಿತ್ತಲ ಗೋಡೆ ಕೊಡಿಸಿದಳು. ಗೋಡೆಯ ಮೇಲೆ ಮೊಣಕಾಲುದ್ದ ನೀರಿನಲ್ಲಿ ಹೆಂಗಸರ ಸಾಲು ಎದ್ದಿತು. ಎಲ್ಲರೂ ಬಗ್ಗಿದ್ದರು. ರೇಣುಕಾ ಒಬ್ಬಳೇ ನೆಟ್ಟಗೆ ನಿಂತು, ಸೊಂಟಕ್ಕೆ ಕೈಕೊಟ್ಟು, ನೋಡುವವರನ್ನೇ ನೋಡುತ್ತಿದ್ದಳು. ಬದುವಿನ ಮೇಲೆ ಹಳದಿ ಟಂಟಂ. ಅದರ ಹಣೆಗೆ, ಅಂದು ಉರುಳಿದ ಗಾಡಿಗೆ ಇದ್ದ ಹಾಗೆಯೇ, ರೆಕ್ಕೆ ಬಿಚ್ಚಿದ ಹದ್ದು.

ಅದರ ಫೋಟೋ ತೆಗೆದು ಕಾರ್ಡು ಮಾಡಿಸಿ ಮಾರಿಸೋಲಳ ಪುಸ್ತಕಗಳ ಪಕ್ಕದಲ್ಲಿ ಇಟ್ಟವಳು ಮುಬಾಶಿರಾ. ಬುರುಡೆ ಕಂಡು ಸರಿದವರೂ ಆ ಕಾರ್ಡು ಒಯ್ದರು. ಹನುಮಸಾಗರದ ತನಕ ಸುದ್ದಿ ಹೋಗಿ ಹೆಂಗಸರು ಗೋಡೆ ನೋಡಲು ಬಂದರು. ಅದೇ ಟಂಟಂನಲ್ಲಿದ್ದು ಬದುಕಿ ಉಳಿದ ಶರಣಬಸಮ್ಮ ಎಂಬಾಕೆ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅತ್ತು ಹೋದಳು. ಅಲ್ಲಿಯತನಕ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತಿದ್ದ ಮುಬಾಶಿರಾಳಿಗೆ ತಾನೂ ಒಂದು ಕೆಲಸ ಮಾಡಿದೆ ಅನ್ನಿಸಿದ್ದು ಆಗಲೇ.

ಒಂದು ಕಾರ್ಡು ಹನಮೇಶನ ಕೈಗೂ ಸಿಕ್ಕಿತು. ಕಾಲುವೆಗೆ ಉರುಳಿದ ಟಂಟಂ ಅವನದು, ಹದ್ದು ಅವನ ಗಾಡಿಯ ಗುರುತು; ಅವನು ಟ್ರಸ್ಟಿನ ಅಧ್ಯಕ್ಷರ ಅಳಿಯ. ಬಂದು ಗೋಡೆ ನೋಡಿ ಹೋದ. ಮರುದಿನ ಗವಿಸಿದ್ದೇಶ ಅಂಗಡಿಗೆ ಬಂದು, ಅಧ್ಯಕ್ಷರು ಗೋಡೆಗೆ ಬಣ್ಣ ಹೊಡಿಸುತ್ತಾರೆ, ಉಳಿದ ಕಾರ್ಡು ಕೊಡ್ರಿ ಎಂದ. ಹದ್ದೊಂದನ್ನು ಅಳಿಸಿದರೆ ಸಾಕಲ್ಲ ಎಂದು ಮುಬಾಶಿರಾ ಬೇಡಿಕೊಂಡಳು.

"ಹದ್ದು ಅಳಿಸಿದ್ರ ಆ ಹುಡುಗಿ ಇರ್ತಾಳಲ್ರಿ," ಎಂದ ಅವನು, ಅವಳ ಮುಖ ನೋಡದೆ. "ಅಕಿ ಇರೂತನಕ ಮಂದಿ ಹದ್ದು ಎಲ್ಲಿ ಹೋತು ಅಂತ ಕೇಳ್ತಾರ. ನನಗೂ ಹೆಂಡ್ತಿ ಮಕ್ಕಳು ಅದಾರ್ರಿ." ಕಪಾಟಿನಲ್ಲಿ ಉಳಿದಿದ್ದ ಕಾರ್ಡುಗಳನ್ನೆಲ್ಲ ತೆಗೆದುಕೊಂಡು ಹೋದ.

ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು ಮುಬಾಶಿರಾ ತಾನೇ ಬಸ್ಸು ಹತ್ತಿ, ಅಂದು ಕೆಲಸಕ್ಕೆ ಬಂದಿರದ ಹಂಪವ್ವನನ್ನು ಹಳ್ಳಿಯಿಂದ ಕರೆತಂದಳು. ಅಷ್ಟರಲ್ಲಿ ಎರಡು ಕೈ ಬಣ್ಣ ಆಗಿಹೋಗಿತ್ತು. ಹಂಪವ್ವ ಹಸಿ ಗೋಡೆಗೆ ಅಂಗೈ ಇಟ್ಟಳು, ತೆಗೆದಳು, ಹತ್ತಿದ ಬಿಳುಪನ್ನು ಸೆರಗಿಗೆ ಒರೆಸಿಕೊಂಡಳು. ಅಳಲಿಲ್ಲ.

ಮುಬಾಶಿರಾ ಫೋನಿನಲ್ಲಿದ್ದ ಚಿತ್ರ ತೆಗೆದು ತೋರಿಸಿದಳು. ಹಂಪವ್ವ ಮಗಳ ಕೆನ್ನೆ ಸವರಿದಳು. ಬೆರಳು ತಾಗಿದ್ದೇ ಚಿತ್ರ ಜಾರಿ ಯಾರದೋ ಮದುವೆಯ ಪಟ ಬಂತು. ಮತ್ತೆ ತಂದು ಕೊಟ್ಟರೆ ಮತ್ತೆ ಜಾರಿತು. ಹಂಪವ್ವ ಫೋನು ಮರಳಿ ಕೊಟ್ಟಳು.

ಮತ್ತೆ ಬರೆಯೋಣ, ನಮ್ಮ ಮನೆಯ ಗೋಡೆಯ ಮೇಲೆ ಬರಿ ಎಂದಳು ಮುಬಾಶಿರಾ.

"ಅಕಿ ಮಾರಿ, ಕಣ್ಣು ಮೂಗು ಎಲ್ಲಾ ಒಮ್ಮೆ ನೆನಪಾಗಿತ್ತು ಯವ್ವಾ, ಬರದೆ. ಬರದ ಮ್ಯಾಲ ಗ್ವಾಡಿ ನೋಡೇ ನೆನಸಾಕ ಹತ್ತಿದ್ದೆ. ಈಗ ಕಣ್ಣು ಮುಚ್ಚಿದ್ರ ಸುಣ್ಣ ಕಾಣತೈತಿ."

ಆಕೆ ಮತ್ತೆ ಕೆಲಸಕ್ಕೆ ಬರಲಿಲ್ಲ. ರಿಪೇರಿ ಇದೆ ಎಂದು ಅಂಗಡಿಗೂ ಬೀಗ ಬಿತ್ತು. ಮಾರಿಸೋಲಳ ಪುಸ್ತಕಗಳನ್ನು ಅಕ್ಕಿ ಚೀಲಕ್ಕೆ ತುಂಬಿ ಒಳಗೆ ಒಗೆದರು. ಹಿಂದೆ ಮುಬಾಶಿರಾ ಕಳಿಸಿದ್ದ ಕಾರ್ಡಿನ ಚಿತ್ರ ನೋಡಿದ್ದ ಮಾರಿಸೋಲ್, ಗೋಡೆ ಹೇಗಿದೆ ಎಂದು ದೂರದೇಶದಿಂದ ಫೋನಿಗೆ ಬರೆದು ಕೇಳಿದಳು. ಮುಬಾಶಿರಾ ಓದಿ ಫೋನು ಬೋರಲು ಇಟ್ಟಳು.

ನಾಟಿಯ ಹಂಗಾಮಿನಲ್ಲಿ ಒಮ್ಮೆ ಮನಸ್ಸು ತಡೆಯದೆ ಹಂಪವ್ವನ ಹಳ್ಳಿಗೆ ಹೋದಳು. ಮನೆಗೆ ಕೀಲಿ ಹಾಕಿತ್ತು. ಪಕ್ಕದ ಮನೆಯ ಹುಲಗಮ್ಮ, ಅಕಿ ನೆಲ್ಲು ಹಚ್ಚಾಕ ಹೋಗ್ಯಾಳ ಎಂದಳು. ಕಾಲು ಬಗ್ಗದಿದ್ದರಿಂದ ಸಸಿ ಹೊರುವ ಕೆಲಸ ಕೊಟ್ಟಿದ್ದಾರಂತೆ. ಯಾವ ಗಾಡಿಯಲ್ಲಿ ಹೋಗುತ್ತಾಳೆ ಎಂದು ಮುಬಾಶಿರಾ ಕೇಳಿದಳು. ಈ ಊರಿಗೆ ಬರೂದು ಹನಮೇಶಂದು ಒಂದ ಟಂಟಂ ಅಲ್ಲೇನವಾ ಎಂದಳು ಹುಲಗಮ್ಮ, ಕುಡಿಯಲು ನೀರು ಕೊಡುತ್ತ.

ಸಂಜೆ ಅದೇ ಗಾಡಿಯಲ್ಲಿ ಬರುತ್ತಾಳೆ, ಕೂಡ್ರು ಎಂದರೂ ಮುಬಾಶಿರಾಳಿಗೆ ಕೂಡುವ ಧೈರ್ಯ ಸಾಲಲಿಲ್ಲ. ಎರಡು ಗಂಟೆಯ ಬಸ್ಸಿಗೆ ಗಂಗಾವತಿಗೆ ಮರಳಿದಳು.