ಸಾಕು ಎಂದರೆ ಜೇಬು

ಬಟ್ಟೆ ನೆನೆಹಾಕುವ ಮೊದಲು ಜೇಬು ತಡಕುವುದು ಮಗಳ ಕೆಲಸ. ಆ ಬೆಳಿಗ್ಗೆಯೂ ಬಚ್ಚಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಅವಳಪ್ಪನ ಪ್ಯಾಂಟಿನೊಳಗೆ ಮೊಣಕೈವರೆಗೂ ಕೈ ಇಳಿಸಿದ್ದಳು.

"ಅಮ್ಮಾ, ಅಪ್ಪನ ಸಾಕಲ್ಲಿ ಮತ್ತೆ ಮೊಳೆ!"

"ಕಿಟಕಿ ಮೇಲಿಡು. ಇನ್ನೊಂದು ಸಾಕೂ ನೋಡು."

ಜೇಬಿಗೆ ನಮ್ಮ ಮನೆಯಲ್ಲಿ ಸಾಕು ಎಂದೇ ಹೆಸರು. ನಾನು ಹೊಲಿಗೆಗೆ ಹೋಗುವ ಗಾರ್ಮೆಂಟ್ಸ್‌ನಿಂದ ಬಂದ ಹೆಸರದು. ನಮ್ಮ ಸೂಪರ್‌ವೈಸರ್ ಕಡಲಾಚೆಯವಳು. ಅವಳ ಭಾಷೆಯಲ್ಲಿ ಜೇಬಿಗೆ ಸಾಕು ಅನ್ನುತ್ತಾರೆಂದು ನನಗೇನು ಕನಸು ಬಿದ್ದಿತ್ತೇ? ಮೊದಲ ದಿನ ನನ್ನ ಮುಂದೆ ನಿಂತು "ಸಾಕು! ಸಾಕು!" ಎಂದು ಕೂಗಿದಳು. ನಾನು ಮಿಷನ್ ನಿಲ್ಲಿಸಿದೆ. ಇನ್ನೂ ಜೋರಾಗಿ "ಸಾಕು!" ಅಂದಳು. ಕೆಲಸ ಹೋಯಿತೆಂದುಕೊಂಡು ಕಣ್ಣೀರು ಒರೆಸಿಕೊಳ್ಳುತ್ತಾ ಚೀಲ ಹೆಗಲಿಗೇರಿಸಿದೆ. ಬಾಗಿಲು ದಾಟುತ್ತಿದ್ದವಳನ್ನು ರಟ್ಟೆ ಹಿಡಿದು ಎಳೆತಂದು, ಹೊಲಿಯದೆ ಬಿದ್ದಿದ್ದ ಜೇಬುಗಳ ಕಟ್ಟನ್ನು ನನ್ನ ತೊಡೆಯ ಮೇಲೆ ಒಗೆದಳು.

ಇದನ್ನು ಕೇಳಿ ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಬಂದರಿನಲ್ಲಿ ಸರಕು ಇಳಿಸುವವರು. ವಾರ ಕಳೆಯುವುದರೊಳಗೆ ಅವರೂ ಒಂದು ಸಾಕು ಹಿಡಿದು ತಂದರು.

"ಹಡಗಿನವನೊಬ್ಬ ಹೇಳ್ದ ಕಣೇ. ಅವರ ಕಡೆ ಸಾಕು ಅಂದ್ರೆ ಹೂ ಅರಳೋದಂತೆ. ನೀನು ಇಲ್ಲಿ ಸಾಕು ಸಾಕು ಅಂತ ನನ್ನ ಬೈತಿದ್ರೆ, ಅಲ್ಲಿ ತೋಟ ತುಂಬ ಹೂ!"

ನಮ್ಮ ಮಾತಿನಲ್ಲೇ ಆ ಪದಕ್ಕೆ ಇನ್ನೊಂದು ಅರ್ಥವಿದೆ. ಅದನ್ನು ಮಾತ್ರ ನಾವಿಬ್ಬರೂ ಬಾಯಿಗೆ ತರುತ್ತಿರಲಿಲ್ಲ. ಮಗಳನ್ನು ನಾನು ಹೆತ್ತದ್ದಲ್ಲ, ಹತ್ತು ದಿನದ ಕೂಸನ್ನು ತಂದು ಸಾಕಿದ್ದು. ಏಳು ತುಂಬಲಿ, ಇಬ್ಬರೂ ಎದುರಿಗೆ ಕೂರಿಸಿಕೊಂಡು ಹೇಳೋಣ, ಬೇರೆಯವರ ಬಾಯಿಂದ ಅವಳ ಕಿವಿಗೆ ಬೀಳಬಾರದು ಎಂದು ನಮ್ಮಲ್ಲಿ ಮಾತಾಗಿತ್ತು. ಏಳಕ್ಕೆ ಇನ್ನೆರಡು ತಿಂಗಳಿತ್ತು.

ಮಗಳು ಎರಡನೇ ಜೇಬಿಗೆ ಕೈ ಹಾಕುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಗಂಡನ ಜೊತೆ ಬೆಳಗಿನ ಪಾಳಿಗೆ ಹೋಗುವ ಕ್ರೇನಿನವನು. ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದ.

"ಅಕ್ಕಾ, ಆಸ್ಪತ್ರೆಗೆ ಬನ್ನಿ."

"ಯಾಕಪ್ಪಾ? ಏನಾಯ್ತು?"

"ಬನ್ನಿ ಅಕ್ಕಾ, ಮೊದಲು ಬನ್ನಿ."

ಮೇಲೆತ್ತಿದ್ದ ಪೆಟ್ಟಿಗೆಯ ಸರಪಳಿ ಕಿತ್ತುಹೋಗಿತ್ತಂತೆ. ನಾವು ಹೋಗುವ ಹೊತ್ತಿಗೆ ಮುಖದವರೆಗೂ ಬಟ್ಟೆ ಎಳೆದಾಗಿತ್ತು. ನನ್ನ ಕೈಯಲ್ಲಿ ಇನ್ನೂ ಸೋಪಿನ ನೊರೆಯ ವಾಸನೆ ಇತ್ತು.

ನಾದಿನಿ ನನಗಿಂತ ಮೊದಲೇ ಬಂದಿದ್ದಳು. ಗಾಜಿನ ಕಿಂಡಿಯ ಹಿಂದಿನ ಗುಮಾಸ್ತ ಕಾಗದ ತುಂಬುತ್ತಾ "ಮಕ್ಕಳು?" ಎಂದು ಕೇಳಿದ.

"ಒಬ್ಬಳು," ಅಂದಳು ನಾದಿನಿ. "ಸಾಕು ಮಗಳು ಅಂತಲೇ ಬರ್ಕೊಳ್ಳಿ. ಆಮೇಲೆ ತಕರಾರು ಬೇಡ."

ನಾನು ತಿರುಗಿ ನೋಡಿದೆ. ಬೆಂಚಿನ ಮೇಲಿದ್ದ ಮಗಳು ಇಳಿದು ಬಂದು ನನ್ನ ಸೆರಗು ಜಗ್ಗಿದಳು. ಅತ್ತು ಅತ್ತು ಊದಿದ್ದ ಮುಖದಲ್ಲಿ ಏನೋ ಬೆಳಕು.

"ಅಮ್ಮಾ, ಅತ್ತೆಗೂ ನಮ್ಮನೆ ಮಾತು ಗೊತ್ತಾ?" ಎಂದು ಪಿಸುಗುಟ್ಟಿದಳು. "ನನ್ನನ್ನ ಜೇಬು ಮಗಳು ಅಂದ್ರು. ಅಪ್ಪ ನನ್ನ ಫೋಟೋನ ಸಾಕಲ್ಲಿ ಇಟ್ಕೊಂಡಿರ್ತಾರಲ್ಲ, ಅದಕ್ಕಾ?"

"ಹೂಂ," ಅಂದೆ. "ಅದಕ್ಕೇ."

ಅಂಥ ದಿನ ಇನ್ನೇನು ಹೇಳಲಿ? ಆದರೆ ಆ ಹೂಂ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಾಯಿತು.

ಮನೆಗೆ ಬಂದುಹೋಗುವವರ ಮುಂದೆಲ್ಲ ಮಗಳು ನಿಂತು, "ನಾನು ಅಪ್ಪನ ಸಾಕು ಮಗಳು" ಎಂದು ಹೇಳತೊಡಗಿದಳು. ಅವರು ಮುಖ ಮುಖ ನೋಡಿಕೊಳ್ಳುವರು. "ಎಷ್ಟು ತಿಳುವಳಿಕೆ ಮಗೂಗೆ!" ಎಂದು ಕಣ್ಣೊರೆಸಿಕೊಳ್ಳುವರು. ಮಗಳು ಇನ್ನಷ್ಟು ಎದೆ ಸೆಟೆಸುವಳು.

"ಹೇಳೇಬಿಟ್ರಾ ಅತ್ತಿಗೆ? ಒಳ್ಳೇದಾಯ್ತು ಬಿಡಿ. ಎಷ್ಟು ದಿನ ಅಂತ ಮುಚ್ಚಿಡೋದು?" ಅಂದಳು ನಾದಿನಿ.

ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ನಾಳೆ ಹೇಳೋಣ ಅಂದುಕೊಂಡೆ. ಅನ್ನ ಕಲಸುವಾಗ, ತಲೆ ಬಾಚುವಾಗ, ಶೂ ಲೇಸು ಕಟ್ಟುವಾಗ ಮಾತು ತುಟಿಯವರೆಗೂ ಬರುತ್ತಿತ್ತು. ಅಪ್ಪನನ್ನು ಕಳೆದುಕೊಂಡ ಮಗುವಿಗೆ, ಅವರು ನಿನ್ನ ಹೆತ್ತ ಅಪ್ಪ ಅಲ್ಲ ಅಂತ ಯಾವ ಬಾಯಲ್ಲಿ ಹೇಳುವುದು? ಹೇಳಿದರೆ ಅವಳು ಅವರನ್ನು ಎರಡು ಸಲ ಕಳೆದುಕೊಂಡ ಹಾಗೆ. ನನ್ನನ್ನೂ ಸೇರಿಸಿದರೆ ಮೂರು.

ಹದಿನೈದು ದಿನ ಬಿಟ್ಟು ಕೆಲಸಕ್ಕೆ ಹೋದೆ. ಹೊಲಿಗೆ ಸೊಟ್ಟಗಾಗುತ್ತಿತ್ತು, ಬಿಚ್ಚುತ್ತಿದ್ದೆ, ಮತ್ತೆ ಸೊಟ್ಟಗಾಗುತ್ತಿತ್ತು. ಸೂಪರ್‌ವೈಸರ್ ಬಂದು ಆ ಹೊಲಿಗೆ ಎತ್ತಿ ನೋಡಿದಳು. ನನ್ನ ಮುಂದಿನ ಜೇಬುಗಳ ಕಟ್ಟನ್ನು ತೆಗೆದು ಪಕ್ಕದವಳಿಗೆ ಕೊಟ್ಟಳು. ನನ್ನ ಕೈ ಮೇಲೆ ಕೈಯಿಟ್ಟು ಮೆಲ್ಲಗೆ "ಸಾಕು" ಅಂದಳು. ಆವತ್ತು ಅವಳು ಆಡಿದ್ದು ನಮ್ಮ ಕನ್ನಡದ ಸಾಕು.

ಮಗಳಿಗೆ ಏಳು ತುಂಬುವ ಹಿಂದಿನ ದಿನ ಬೆಳಿಗ್ಗೆ ಅವರ ಕೊನೆಯ ಅಂಗಿ ಒಗೆಯಲು ತೆಗೆದೆ. ಅಷ್ಟು ದಿನ ಅದನ್ನು ಮುಟ್ಟಲು ಆಗಿರಲಿಲ್ಲ. ಮಗಳು ಬಚ್ಚಲ ಹೊಸ್ತಿಲ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. ಐದು ಸಾಕುಪ್ರಾಣಿಗಳ ಹೆಸರು ಬರೆಯಬೇಕಿತ್ತು. ಇಲಿ, ಅಳಿಲು, ಬೆಕ್ಕಿನ ಮರಿ, ಗುಬ್ಬಿ, ಆಮೆ ಮರಿ ಎಂದು ಬರೆದಿದ್ದಳು. ಮೂರಕ್ಕೆ ಟೀಚರ್ ಕೆಂಪು ಗೆರೆ ಎಳೆದಿದ್ದರು.

"ಟೀಚರ್ ಹಸು ಬರೀಬೇಕು ಅಂದ್ರು," ಅಂದಳು. "ಹಸು ಎಲ್ಲಿ ಹಿಡಿಯತ್ತಮ್ಮಾ ಸಾಕಲ್ಲಿ?"

ನನಗೆ ನಗು ಬಂದುಬಿಟ್ಟಿತು. ಎಷ್ಟೋ ದಿನದ ಮೇಲೆ ಬಂದ ನಗು. ಆದರೆ ಮಗಳು ನಗಲಿಲ್ಲ. ಪಾಠದ ಪುಟ ತಿರುವಿ, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ನಾವು... ಮನೆಗೆ ತಂದು... ಊಟ ಹಾಕಿ... ಬೆಳೆಸುವ ಪ್ರಾಣಿಗಳೇ... ಸಾಕುಪ್ರಾಣಿಗಳು."

ನಲ್ಲಿ ಸುರಿಯುತ್ತಲೇ ಇತ್ತು. ಬಕೆಟ್ ತುಂಬಿ ನೀರು ಚೆಲ್ಲುತ್ತಿತ್ತು. ಅವಳ ಬೆರಳು ಆ ಸಾಲಿನ ಮೊದಲಿಗೆ ಹೋಗಿ, ಮತ್ತೆ ಕೊನೆಗೆ ಬಂತು.

"ಇಲ್ಲಿ ಬಾ ಕಂದಾ," ಅಂದೆ. "ಅಪ್ಪನ ಅಂಗಿ ಸಾಕು ನೋಡು ಬಾ."

ಅವಳು ಏಳಲಿಲ್ಲ. ಪುಸ್ತಕ ಮುಚ್ಚಿದಳು. ಮುಚ್ಚಿದ ಪುಸ್ತಕದ ಮೇಲೆ ಎರಡೂ ಕೈ ಇಟ್ಟುಕೊಂಡು ನನ್ನನ್ನೇ ನೋಡಿದಳು.

"ಅಮ್ಮಾ, ನನ್ನ ಎಲ್ಲಿಂದ ತಂದ್ರಿ?"